ತಂಗಡಿ ಕಿತ್ತು ಕಾಡು ಬೆಳೆಸುವವರಿಗೆ

ಪಂಚಾಯಿತಿಯ ಅಂದಾಜು ಪಟ್ಟಿಗಳಲ್ಲಿ ‘ಜಂಗಲ್ ಕಟಿಂಗ್’ ಎಂಬ ಬಾಬತ್ತು ಇರುತ್ತದೆ. ಗೋಮಾಳವಾಗಲಿ, ಗುಡ್ಡದ ಬುಡವಾಗಲಿ, ಶಾಲೆಯ ಹಿಂದಿನ ದಿಬ್ಬವಾಗಲಿ, ಕೆಲಸ ಶುರುವಾಗುವುದೇ ಅಲ್ಲಿಂದ. ಆ ಎರಡು ಮಾತಿಗೆ ಹಣ ಮಂಜೂರಾಗುತ್ತದೆ, ಜೆಸಿಬಿ ಬರುತ್ತದೆ, ಮಧ್ಯಾಹ್ನದೊಳಗೆ ನೆಲ ಬೋಳಾಗುತ್ತದೆ, ಸಂಜೆಗೆ ಫೋಟೊ ಬಿಲ್ಲಿಗೆ ಅಂಟುತ್ತದೆ. ಯಾವ ಗಿಡ ಕಡಿದರು, ಏಕೆ ಕಡಿದರು ಎಂದು ಬರೆಯಲು ಕಾಲಂ ಇಲ್ಲ. ಮಂಡ್ಯ ಜಿಲ್ಲೆಯ ಬಸರಾಳು ಕಡೆಯ ಬೆದ್ದಲು ನೆಲದಲ್ಲಿ ಹೀಗೆ ಹೋಗುವುದರಲ್ಲಿ ತಂಗಡಿಯ ಪಾಲು ದೊಡ್ಡದು. ಕೆಲವರು ಆವರಿಕೆ ಎನ್ನುತ್ತಾರೆ. ಬೇಲಿ ಸಾಲಿನಲ್ಲಿ, ಬಂಡೆ ಸಂದಿನಲ್ಲಿ, ಬದುವಿನ ಮೇಲೆ ಆಳೆತ್ತರ ಬೆಳೆದು, ಮಳೆಗಾಲ ಮುಗಿಯುವ ಹೊತ್ತಿಗೆ ಹಳದಿ ಗೊಂಚಲು ತುಂಬಿಕೊಳ್ಳುವ ಪೊದೆಗಿಡ ಅದು. ಕಡಿದದ್ದಾಯಿತು, ಆಮೇಲೆ ಜೂನ್ 5ರ ಪರಿಸರ ದಿನ ಬರುತ್ತದೆ. ಅದೇ ಬೋಳು ನೆಲದಲ್ಲಿ ಗುಂಡಿ ತೋಡಿ, ಬ್ಯಾನರ್ ಕಟ್ಟಿ, ಸಸಿ ನೆಟ್ಟು, ಪರಿಸರ ಉಳಿಸಿದೆವೆಂದು ಚಪ್ಪಾಳೆ ತಟ್ಟುತ್ತಾರೆ.

ನನ್ನ ತಕರಾರು ಆ ಚಪ್ಪಾಳೆಯ ಮೇಲೆ. ಕಡಿಯುವವನ ಮೇಲೆ ನನಗೆ ಅಷ್ಟು ಕೋಪವಿಲ್ಲ. ಅವನಿಗೆ ಬಾಡಿಗೆ ಗಂಟೆಯ ಲೆಕ್ಕ. ಕೋಪ ಇರುವುದು ಒಳ್ಳೆಯ ಮನಸ್ಸಿನ, ಓದಿದ, ಹಸಿರು ಎಂದರೆ ಕಣ್ಣರಳಿಸುವ ಜನರ ಮೇಲೆ. ಕುರುಚಲು ಇರುವ ನೆಲ ಪಾಳು ನೆಲ, ಪಾಳು ನೆಲಕ್ಕೆ ಮರ ನೆಟ್ಟರೆ ಕಾಡು, ಕಾಡಾದರೆ ಪ್ರಾಣಿಪಕ್ಷಿಗಳಿಗೆ ಒಳ್ಳೆಯದು ಎಂದು ಅವರು ನಂಬಿದ್ದಾರೆ. ಬಸರಾಳಿನ ಸುತ್ತಿನ ನೆಲಕ್ಕೆ ಈ ಮೂರೂ ಮಾತು ಸುಳ್ಳು.

ಪಾಳು ಎಂಬ ತೀರ್ಪು ನಮ್ಮೂರಲ್ಲಿ ಹುಟ್ಟಿದ್ದಲ್ಲ. ಪಹಣಿಯಲ್ಲಿ ಅದು ‘ಖರಾಬು’ ಎಂದು ಕೂತಿದೆ. ದೆಹಲಿಯ ಭೂಸಂಪನ್ಮೂಲ ಇಲಾಖೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ಸೇರಿ 2019ರಲ್ಲಿ ಹೊರತಂದ ಪಾಳುಭೂಮಿ ನಕ್ಷೆಗಳ ಸಂಪುಟ ದೇಶದಲ್ಲಿ 5.58 ಕೋಟಿ ಹೆಕ್ಟೇರ್ ಪಾಳುಭೂಮಿ ಇದೆ ಎನ್ನುತ್ತದೆ. ಅಂದರೆ ದೇಶದ ವಿಸ್ತೀರ್ಣದ ಶೇ 16.96. ಅದರ ವಿಂಗಡಣೆಯಲ್ಲಿ ‘ದಟ್ಟ ಕುರುಚಲು ಇರುವ ಭೂಮಿ’, ‘ವಿರಳ ಕುರುಚಲು ಇರುವ ಭೂಮಿ’ ಎಂಬ ಬಗೆಗಳೂ ಸೇರಿವೆ. ದಟ್ಟವಾಗಿ ಗಿಡ ಬೆಳೆದ ನೆಲವೇ ಪಾಳು! ಅರಣ್ಯ ಸಮೀಕ್ಷೆಯದು ಇನ್ನೊಂದು ಅಳತೆ: ಮರಗಳ ನೆತ್ತಿಯ ನೆರಳು ನೆಲದ ಶೇ 10ಕ್ಕಿಂತ ಕಡಿಮೆ ಬಿದ್ದರೆ ಅದು ಕಾಡಿನ ಲೆಕ್ಕಕ್ಕೆ ಬರುವುದಿಲ್ಲ, ಕುರುಚಲು ಎಂದು ಬೇರೆ ಬರೆದುಕೊಳ್ಳುತ್ತಾರೆ. ಉಪಗ್ರಹದಿಂದ ನೋಡಿದರೆ ಮರದ ನೆತ್ತಿ ಕಾಣುತ್ತದೆ. ತಂಗಡಿಯ ಬುಡದಲ್ಲಿ ಕವುಜುಗ ಮೊಟ್ಟೆಗೆ ಕೂತಿದ್ದರೆ ಅದು ಕಾಣುವುದಿಲ್ಲ.

ಮಂಡ್ಯದವರಾದ ನಮಗೆ ಇದರ ಜೊತೆಗೆ ನಮ್ಮದೇ ಒಂದು ಕಾಯಿಲೆ ಇದೆ. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹರಿದ ಮೇಲೆ ಜಿಲ್ಲೆಯ ಚಿತ್ರವೇ ಬದಲಾಯಿತು. ಮಂಡ್ಯ ಎಂದರೆ ಕಬ್ಬು, ಭತ್ತ, ತೆಂಗು. ನಾಲೆ ನೀರಿನ ಹಸಿರು ಕಣ್ಣಿಗೆ ಹತ್ತಿಬಿಟ್ಟಿತು. ಅದಿಲ್ಲದ ನೆಲ ಬಡವರ ನೆಲ, ಇನ್ನೂ ಉದ್ಧಾರವಾಗದ ನೆಲ ಅನ್ನಿಸತೊಡಗಿತು. ನಾಗಮಂಗಲದ ದಾರಿಯ ಬಸರಾಳು ಕಡೆ ರಾಗಿ, ಹುರುಳಿ, ಅವರೆಯ ಹೊಲಗಳು, ನಡುವೆ ಕಲ್ಲು ಗುಡ್ಡ, ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆ. ಹೊರಗಿನವರು ಬರುವುದು ಮಲ್ಲಿಕಾರ್ಜುನನ ಗುಡಿ ನೋಡಲು. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ ಗುಡಿ ಅದು. ಬಂದವರು ಗೋಡೆಯ ಕೆತ್ತನೆಗೆ ಕ್ಯಾಮೆರಾ ಹಿಡಿಯುತ್ತಾರೆ, ಹಿಂದಿರುಗುವಾಗ ಕಾರಿನ ಕಿಟಕಿಯಾಚೆ ನೋಡಿ ‘ಈ ಕಡೆ ಏನೂ ಇಲ್ಲವಲ್ಲ’ ಎನ್ನುತ್ತಾರೆ. ನಮ್ಮವರೂ ಹೌದೆಂದು ತಲೆಯಾಡಿಸುತ್ತಾರೆ.

ಏನೂ ಇಲ್ಲ ಎನ್ನುವವರು ಅಕ್ಟೋಬರ್ ಕಳೆದ ಮೇಲೆ ಒಂದು ಬೆಳಿಗ್ಗೆ ತಂಗಡಿ ಗಿಡದ ಪಕ್ಕ ನಿಂತು ಕಿವಿಗೊಡಲಿ. ನೋಡುವುದಕ್ಕಿಂತ ಮೊದಲು ಕೇಳಬೇಕು. ಕಪ್ಪು ದುಂಬಿಯೊಂದು ಗುಂಯ್‌ಗುಡುತ್ತ ಬಂದು ಹೂವಿಗೆ ಜೋತುಬೀಳುತ್ತದೆ. ಕೂತ ಕ್ಷಣ ಅದರ ದನಿ ಬದಲಾಗುತ್ತದೆ, ಹಾರುವಾಗ ಇದ್ದದ್ದಕ್ಕಿಂತ ತೀಕ್ಷ್ಣವಾಗಿ, ಬಿಟ್ಟು ಬಿಟ್ಟು. ರೆಕ್ಕೆ ಮಡಿಸಿಕೊಂಡೇ ಇರುತ್ತದೆ, ಆದರೆ ಹಾರುವ ಸ್ನಾಯುಗಳನ್ನು ಅದುರಿಸುತ್ತಿರುತ್ತದೆ. ಕಾರಣವಿದೆ. ತಂಗಡಿ ಹೂವಿನಲ್ಲಿ ಮಕರಂದವಿಲ್ಲ, ಕೊಡುವುದು ಪರಾಗ ಮಾತ್ರ. ಹತ್ತು ಕೇಸರಗಳಲ್ಲಿ ಮೂರು ಬಂಜೆ; ಉಳಿದವುಗಳ ಪರಾಗಕೋಶ ಬೇರೆ ಹೂಗಳಂತೆ ಉದ್ದಕ್ಕೆ ಸೀಳಿಕೊಳ್ಳುವುದಿಲ್ಲ, ತುದಿಯಲ್ಲೊಂದು ಸಣ್ಣ ಕಂಡಿ ಇರುತ್ತದೆ, ಅಷ್ಟೆ. ಅದುರಿಸಿದರೆ ಪರಾಗ ಚಿಮ್ಮುತ್ತದೆ. ಅದುರಿಸಲು ಬಾರದವನು ಕೆಳಗೆ ಚೆಲ್ಲಿದ್ದನ್ನು ಹೆಕ್ಕಿಕೊಂಡು ಹೋಗಬೇಕು. ಜೇನುಹುಳಕ್ಕೆ ಈ ವಿದ್ಯೆ ಬರುವುದಿಲ್ಲ. ದುಂಬಿಗೆ ಬರುತ್ತದೆ, ನೀಲಿ ಪಟ್ಟೆಯ ಒಂಟಿ ಜೇನಿಗೂ ಬರುತ್ತದೆ.

ಇದು ಬರಿಯ ಸೋಜಿಗದ ಮಾತಲ್ಲ. ಬದನೆ, ಟೊಮೆಟೊ ಹೂಗಳ ಪರಾಗಕೋಶವೂ ಇದೇ ಜಾತಿಯದು, ಕಂಡಿಯಿಂದ ಉದುರಿಸುವಂಥದ್ದು. ನುಗ್ಗೆ, ತೊಗರಿ ಹೂಗಳಿಗೂ ದುಂಬಿ ದೊಡ್ಡ ಆಳು. ಬದನೆ ನಾಟಿ ಮಾಡಿದ ರೈತನ ಹೊಲದಲ್ಲಿ ದುಂಬಿ ಬೇಕಾದರೆ, ಬದನೆ ಹೂ ಇಲ್ಲದ ತಿಂಗಳುಗಳಲ್ಲಿ ಅದು ಎಲ್ಲಿ ಉಣ್ಣಬೇಕು? ಬದುವಿನ ತಂಗಡಿಯಲ್ಲಿ. ಬದು ಕ್ಲೀನ್ ಮಾಡಿಸಿ, ‘ಪರಾಗಸ್ಪರ್ಶಕ್ಕೆ ಜೇನುಪೆಟ್ಟಿಗೆ ಇಡಿ’ ಎಂದು ಉಪನ್ಯಾಸ ಕೊಡುವವರಿಗೆ ನನ್ನದೊಂದೇ ಪ್ರಶ್ನೆ: ಪೆಟ್ಟಿಗೆಯ ಹುಳಕ್ಕೆ ಆ ಕೆಲಸವೇ ಬಾರದಿದ್ದರೆ?

ಇನ್ನು ಚಿಟ್ಟೆ. ಮುಂಗಾರಿನ ಆಚೀಚೆ ನಮ್ಮ ಹೊಲಗಳ ಮೇಲೆ ಬಿಳಿಹಸಿರು, ತಿಳಿಹಳದಿ ಬಣ್ಣದ ಚಿಟ್ಟೆಗಳು ಒಂದೇ ದಿಕ್ಕಿಗೆ ಸಾಲುಸಾಲಾಗಿ ಹಾರಿಹೋಗುವುದನ್ನು ಬಹಳ ಜನ ನೋಡಿರುತ್ತಾರೆ. ಅವು ಕ್ಯಾಟೊಪ್ಸಿಲಿಯಾ ಕುಲದವು; ಊರೂರು ದಾಟುವ ಅಭ್ಯಾಸದಿಂದ ವಲಸೆಗಾರ ಎಂದೇ ಹೆಸರು ಪಡೆದವು. ಅವುಗಳ ಮರಿಹುಳು ತಿನ್ನುವುದು ತಂಗಡಿ, ತಗಚೆ, ಕಕ್ಕೆಯಂಥ ಒಂದೇ ಬಳಗದ ಗಿಡಗಳ ಎಲೆ. ಹುಲ್ಲಿನ ಮಟ್ಟದಲ್ಲಿ ಕುಣಿಯುವ ಪುಟ್ಟ ಹಳದಿ ಚಿಟ್ಟೆಗೂ ತಂಗಡಿ ಎಲೆ ಆಗುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಇದನ್ನು ವಿವರಿಸುವ ಕಷ್ಟವೇ ಇರಬಾರದು. ಮನೆಯಲ್ಲಿ ರೇಷ್ಮೆ ಹುಳ ಮೇಯಿಸಿದವರಿಗೆ ಗೊತ್ತು: ಹಿಪ್ಪುನೇರಳೆ ಸೊಪ್ಪು ಮುಗಿದರೆ ಹುಳದ ಮುಂದೆ ಹುಣಸೆ ಚಿಗುರು ಹಾಕಿ ಪ್ರಯೋಜನವಿಲ್ಲ. ಚಿಟ್ಟೆಯ ಹುಳದ ಕತೆಯೂ ಅಷ್ಟೇ. ಆದರೆ ಚಿಟ್ಟೆಗಾಗಿ ಉದ್ಯಾನ ಮಾಡುವಾಗ ಮಾತ್ರ ನಾವು ಬರಿ ಮಕರಂದದ ಅಲಂಕಾರ ಹೂ ನೆಡುತ್ತೇವೆ, ಹುಳ ತಿಂದು ಎಲೆ ತೂತಾದರೆ ಔಷಧಿ ಹೊಡೆಯುತ್ತೇವೆ. 2016ರಲ್ಲಿ ದೊಡ್ಡ ಗಾತ್ರದ, ಕಪ್ಪು ಹಳದಿಯ ಸಹ್ಯಾದ್ರಿ ಚಿಟ್ಟೆಯನ್ನು ರಾಜ್ಯದ ಚಿಟ್ಟೆ ಎಂದು ಆರಿಸಿದರು. ತಕರಾರಿಲ್ಲ. ಅದರ ಮರಿಗೂ ಈಶ್ವರಿ ಬಳ್ಳಿಯ ಬಳಗದ ಗಿಡವೇ ಬೇಕು ಎಂಬ ಮಾತು ಮಾತ್ರ ಅಷ್ಟಾಗಿ ಯಾರಿಗೂ ತಲುಪಲಿಲ್ಲ.

ಆ ತೂತಾದ ಎಲೆಯೇ ಮುಂದಿನ ಊಟ. ಕಾಳು ತಿನ್ನುವ ಗುಬ್ಬಿ, ಗೀಜಗಗಳೂ ಮರಿಗಳಿಗೆ ಮೊದಲು ಉಣಿಸುವುದು ಹುಳುವನ್ನು. ಪಿಕಳಾರ ಅದೇ ಪೊದೆಯಲ್ಲಿ ಗೂಡು ಕಟ್ಟಿ ಅದೇ ಪೊದೆಯ ಹುಳು ಹೆಕ್ಕುತ್ತದೆ. ಎಲೆದಂಟಿನ ಮೇಲೆ ಜೋಡಿ ಎಲೆಗಳ ನಡುವೆ ಸಣ್ಣ ಸಣ್ಣ ಗ್ರಂಥಿಗಳಿವೆ. ಹೂವಿನಲ್ಲಿ ಇಲ್ಲದ ಸಿಹಿ ಅಲ್ಲಿ ಒಸರುತ್ತದೆ. ಅದಕ್ಕೆ ಇರುವೆ ಸಾಲು ಹತ್ತುತ್ತದೆ. ಇರುವೆ ಇದ್ದಲ್ಲಿ ಎಲೆ ತಿನ್ನುವ ಹುಳು ಸ್ವಲ್ಪ ಹೆದರುತ್ತದೆ. ಹುಳುವಿಗೆ ಎಲೆ ಕೊಟ್ಟು, ಹುಳುವನ್ನು ಹದ್ದಿನಲ್ಲಿಡಲು ಇರುವೆಗೆ ಕೂಲಿಯನ್ನೂ ಕೊಡುವ ಗಿಡ ಅದು. ಕೆಳಗೆ ನೆರಳಿನಲ್ಲಿ ಮೊಲ ಮಲಗುವ ಹೊಂಡ, ಕವುಜುಗದ ಮೊಟ್ಟೆ, ನವಿಲಿನ ಮೊಟ್ಟೆ. ನವಿಲು ರಾತ್ರಿ ಮರ ಏರಿ ಕೂರುವುದು ನಿಜ, ಆದರೆ ಮೊಟ್ಟೆ ಇಡುವುದು ನೆಲದ ಮೇಲೆ, ಪೊದೆಯ ಮರೆಯಲ್ಲಿ. ಮರ ನೆಟ್ಟು ಪೊದೆ ಕಿತ್ತವನು ಅದಕ್ಕೆ ಮಲಗುವ ಮನೆ ಕೊಟ್ಟು ಹೆರಿಗೆ ಮನೆ ಕೆಡವಿದ್ದಾನೆ.

ಮರದ ಕಾಡೇ ವನ್ಯಜೀವಿಯ ಮನೆ ಎನ್ನುವವರು ನಮ್ಮ ಜಿಲ್ಲೆಯ ಸರ್ಕಾರಿ ದಾಖಲೆಯನ್ನೇ ತೆಗೆದು ನೋಡಲಿ. 1974ರಲ್ಲಿ ಮೇಲುಕೋಟೆ ವನ್ಯಧಾಮ ಘೋಷಣೆಯಾಯಿತು, 49.82 ಚದರ ಕಿ.ಮೀ. ಯಾವ ಪ್ರಾಣಿಗಾಗಿ? ತೋಳಕ್ಕಾಗಿ. ತೋಳ ಬದುಕುವುದು ಕುರುಚಲು, ಹುಲ್ಲು, ಬಂಡೆಗಳ ಬಯಲಿನಲ್ಲಿ. ಬಸರಾಳಿಗೆ ಹೊಂದಿಕೊಂಡ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಲ್ಲಿ ನವಿಲುಧಾಮವಾಯಿತು; ಅದು ಒಂದು ಚದರ ಕಿ.ಮೀ.ಗಿಂತ ಚಿಕ್ಕದು, ಅಲ್ಲಿರುವುದೂ ಬಂಡೆ ಮತ್ತು ಕುರುಚಲು. ಅಂದರೆ ಸರ್ಕಾರದ ಒಂದು ಕೈ ಈ ಬಗೆಯ ನೆಲವನ್ನು ಅಭಯಾರಣ್ಯ ಎಂದು ಬೇಲಿ ಹಾಕಿ ಕಾಯುತ್ತದೆ, ಇನ್ನೊಂದು ಕೈ ಬೇಲಿಯಾಚೆಯ ಅದೇ ನೆಲವನ್ನು ಪಾಳು ಎಂದು ಬರೆದು ಜೆಸಿಬಿ ಬಿಡುತ್ತದೆ. ತೋಳ, ನವಿಲು, ದುಂಬಿಗಳಿಗೆ ಸರ್ವೆ ನಂಬರ್ ಗೊತ್ತಿಲ್ಲ.

ಮರ ನೆಡುವವರ ಉತ್ಸಾಹಕ್ಕೆ ಒಂದು ಚರಿತ್ರೆ ಇದೆ, ಅದು ಅಷ್ಟೇನೂ ಹೆಮ್ಮೆಯದಲ್ಲ. ಕೆ.ಎಂ. ಮುನ್ಷಿ 1950ರಲ್ಲಿ ವನಮಹೋತ್ಸವ ಆರಂಭಿಸಿದರು. 1985ರಲ್ಲಿ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿ ಬಂತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಯಲುಸೀಮೆಯ ಗೋಮಾಳ, ಹೊಲಗಳಿಗೆ ನುಗ್ಗಿದ್ದು ನೀಲಗಿರಿ ಮತ್ತು ಅಕೇಶಿಯ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನೀಲಗಿರಿ ಸಸಿ ಕಿತ್ತು ಪ್ರತಿಭಟಿಸಿದಾಗ ಅವರನ್ನು ಹಸಿರಿನ ವಿರೋಧಿಗಳೆಂದು ಹಳಿದವರಿದ್ದರು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಗಿಡ ನಿಷೇಧವಾಯಿತು, ನೆಡುವವರ ಲೆಕ್ಕಾಚಾರ ಹಾಗೇ ಉಳಿಯಿತು. ಈಗ ನೀಲಗಿರಿಯ ಜಾಗಕ್ಕೆ ಬೀಜದುಂಡೆ ಬಂದಿದೆ, ಮಿಯಾವಾಕಿ ಬಂದಿದೆ. ಮಕ್ಕಳ ಕೈಯಲ್ಲಿ ಹೊಂಗೆ, ಬೇವಿನ ಬೀಜದುಂಡೆ ಕೊಟ್ಟು ಕುರುಚಲು ಗುಡ್ಡಕ್ಕೆ ಎಸೆಸುತ್ತಾರೆ. ಪುಣ್ಯಕ್ಕೆ ಹೆಚ್ಚಿನವು ಮೊಳೆಯುವುದಿಲ್ಲ. ಮಿಯಾವಾಕಿ ಜಪಾನಿನ ಮಳೆಗೆ, ಜಪಾನಿನ ಮಣ್ಣಿಗೆ ಹುಟ್ಟಿದ ವಿಧಾನ. ನಗರದ ಕಾರ್ಖಾನೆ ಅಂಗಳದಲ್ಲಿ ಮಾಡಿಕೊಳ್ಳಲಿ. ಹುಲ್ಲು, ಪೊದೆ, ಬಿಸಿಲು ಮೂರೂ ಬೇಕಾದ ನೆಲದಲ್ಲಿ ಅಡಿಗೊಂದು ಸಸಿ ನೆಟ್ಟು ನೀರು ಹೊಯ್ಯುವುದಕ್ಕೆ ಕಾಡು ಬೆಳೆಸುವುದು ಎನ್ನಲಾಗದು.

ಹಳದಿ ಹೂವಿಗೆ ನಮ್ಮಲ್ಲಿ ಬರವಿದೆಯೇನೋ ಎಂಬಂತೆ ಹೊರಗಿನಿಂದ ತಂದದ್ದೂ ಉಂಟು. ತಂಗಡಿಯ ದಾಯಾದಿ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರವನ್ನು ಅಂದಕ್ಕೆ, ನೆರಳಿಗೆ ಎಂದು ನೆಟ್ಟರು. ಇಂದು ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡಿನಲ್ಲಿ ಅದು ಹುಲ್ಲು ಚಿಗುರಲು ಬಿಡದಂತೆ ಹಬ್ಬಿ, ಕೀಳಿಸಲು ಇಲಾಖೆಗಳು ಒದ್ದಾಡುತ್ತಿವೆ. ಹೆದ್ದಾರಿಯ ನಡುಪಟ್ಟಿಗೆ ಕಾಗದದ ಹೂ, ಟೆಕೋಮ. ನೀರು ಕೇಳದ, ದನ ಮುಟ್ಟದ, ಬಿಸಿಲಿಗೆ ಬಾಡದ, ತಿಂಗಳುಗಟ್ಟಲೆ ಹೂ ಬಿಡುವ ಗಿಡ ಬೇಕು ಎಂದು ಯಾವ ಎಂಜಿನಿಯರ್ ಪಟ್ಟಿ ಮಾಡಿದರೂ ಅದರಲ್ಲಿ ತಂಗಡಿಯ ಗುಣಗಳೇ ಇರುತ್ತವೆ. ಆದರೂ ನರ್ಸರಿಯಲ್ಲಿ ಅದು ಸಿಗುವುದಿಲ್ಲ. ತಾನಾಗಿ ಬೆಳೆಯುವ ಗಿಡಕ್ಕೆ ಬಿಲ್ ಹೇಗೆ ಮಾಡುವುದು?

ಹೊಗಳುವವರಿಂದಲೂ ಈ ಗಿಡಕ್ಕೆ ಕಾಟ ತಪ್ಪಿಲ್ಲ. ತಂಗಡಿ ಹೂವಿನ ಕಷಾಯ ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ, ಮುಖಕ್ಕೆ ಹಚ್ಚಿದರೆ ಕಾಂತಿಯಂತೆ. ಒಣಗಿಸಿದ ಹೂವಿನ ಪೊಟ್ಟಣ ಈಗ ಮನೆ ಬಾಗಿಲಿಗೇ ಬರುತ್ತದೆ. ಹಿಂದೆ ತೊಗಟೆಗೆ ಕುತ್ತು ಇತ್ತು: ದಕ್ಷಿಣ ಭಾರತದ ಚರ್ಮ ಹದ ಮಾಡುವ ಉದ್ಯಮ ಬಹುಕಾಲ ನಿಂತದ್ದೇ ತಂಗಡಿ ತೊಗಟೆಯ ಮೇಲೆ. ದಕ್ಷಿಣ ಆಫ್ರಿಕಾದ ವ್ಯಾಟಲ್ ತೊಗಟೆ ಬಂದು ಅದನ್ನು ಪಕ್ಕಕ್ಕೆ ಸರಿಸಿತು. ನಮ್ಮ ರೈತರು ಗದ್ದೆಗೆ ತುಳಿಯಲು ಇದರ ಸೊಪ್ಪು ಕೊಯ್ದು ತರುತ್ತಿದ್ದರು. ಕುಡುಗೋಲಿನಲ್ಲಿ ಕೊಯ್ದ ಬುಡ ಮತ್ತೆ ಚಿಗುರುತ್ತಿತ್ತು. ಆ ಬಳಕೆಗೆ ನನ್ನ ಆಕ್ಷೇಪವಿಲ್ಲ. ಆದರೆ ಔಷಧಿಯೆಂದು ಗೊತ್ತಾದರೆ ಮಾತ್ರ ಗಿಡಕ್ಕೆ ಬೆಲೆ, ಇಲ್ಲವಾದರೆ ಅದು ಜಂಗಲ್ ಎಂಬ ಧೋರಣೆ ಜೆಸಿಬಿಯ ಧೋರಣೆಗಿಂತ ಬಹಳ ಬೇರೆಯೇನಲ್ಲ. ತೆಲಂಗಾಣದವರು 2014ರಲ್ಲಿ ರಾಜ್ಯ ಕಟ್ಟಿದ ಕೂಡಲೇ ಇದೇ ಹೂವನ್ನು ರಾಜ್ಯಪುಷ್ಪ ಮಾಡಿಕೊಂಡರು. ಬತುಕಮ್ಮ ಹಬ್ಬಕ್ಕೆ ಹೂವಿನ ಗೋಪುರ ಜೋಡಿಸಲು ಅವರಿಗೆ ತಂಗಡಿ ಬೇಕು. ಹಬ್ಬಕ್ಕೆ ಹೂ ಬೇಕಾದವರು ಗಿಡ ಎಲ್ಲಿದೆ ಎಂದು ತಿಳಿದಿಟ್ಟುಕೊಳ್ಳುತ್ತಾರೆ.

ಇನ್ನು ಎದುರಿನವರ ಮಾತು. ಆಡು ಕಾಯುವ ಹಿರಿಯರೊಬ್ಬರ ಎದುರು ಒಮ್ಮೆ ಈ ಗಿಡದ ಪರ ವಕಾಲತ್ತು ಶುರು ಮಾಡಿದ್ದೆ. ‘ನಮ್ಮಾಡು ಮೂಸೂ ನೋಡಾಕಿಲ್ಲ ಕಣಪ್ಪ, ಏನ್ ಬಂತು ಅದ್ರಿಂದ?’ ಎಂದರು. ಸರಿಯಾದ ಪ್ರಶ್ನೆ. ದನ, ಆಡು ಅಷ್ಟಾಗಿ ಮೇಯದಿರುವುದರಿಂದಲೇ ಮೇದು ಸವೆದ ನೆಲದಲ್ಲಿ ಅದು ನಿಂತಿದೆ. ಅದರ ಬುಡದ ಮರೆಯಲ್ಲಿ ಗೊರಸಿನ ತುಳಿತ ತಪ್ಪಿದ ಹುಲ್ಲು ಬೀಜ ಕಟ್ಟುತ್ತದೆ, ಕಾರೆ, ಕವಳೆ, ಎಲಚಿಯ ಸಸಿ ತಲೆಯೆತ್ತುತ್ತದೆ. ‘ಅದು ದಿಟ, ತಂಗಡಿ ಬುಡದಾಗೆ ಹುಲ್ಲು ಸೊಂಪಾಗಿರ್ತದೆ’ ಎಂದು ಅವರೇ ಒಪ್ಪಿದರು. ನೆಲವನ್ನು ದಿನಾ ತುಳಿಯುವವರೊಡನೆ ವಾದ ಮಾಡುವುದು ಸುಲಭ. ಕಾರಿನಿಂದ ನೋಡುವವರೊಡನೆ ಕಷ್ಟ.

ಹಾವಿನ ಭಯ, ಚಿರತೆಯ ಭಯ ಸುಳ್ಳಲ್ಲ. ಮನೆಯ ಪಕ್ಕದ, ಶಾಲೆ ಅಂಗಳದ, ಕಾಲುದಾರಿಯ ಪೊದೆ ಸವರಬೇಕು, ಸವರಲಿ. ಕೆರೆ ಏರಿಯ ಮೇಲೆ ಬೇರುಬಿಡುವ ಗಿಡಮರ ಇರಬಾರದು ಎಂಬ ನೀರಾವರಿ ಎಂಜಿನಿಯರರ ಮಾತೂ ನ್ಯಾಯವಾದದ್ದೇ. ಆದರೆ ಊರಿಂದಾಚೆಯ ಗುಡ್ಡ ಬೋಳಿಸಿದರೆ ಚಿರತೆ ಮಾಯವಾಗುತ್ತದೆಯೇ? ಮಂಡ್ಯದಲ್ಲಿ ಚಿರತೆ ಮರಿಗಳು ಸಿಗುತ್ತಿರುವುದು ಕಬ್ಬು ಕಟಾವಿನ ಗದ್ದೆಗಳಲ್ಲಿ. ಬಂಡೆ, ಪೊದೆ, ಮೊಲ ಇದ್ದ ಜಾಗ ಕ್ವಾರಿಗೂ ನೆಡುತೋಪಿಗೂ ಹೋದ ಮೇಲೆ ಅದು ಕಬ್ಬಿಗೆ ಇಳಿಯದೆ ಇನ್ನೆಲ್ಲಿಗೆ ಹೋಗಬೇಕು? ಇಲಿ ಇದ್ದಲ್ಲಿ ಕೊಳಕುಮಂಡಲ ಇರುತ್ತದೆ, ಇಲಿ ಹೆಚ್ಚಿರುವುದು ಗದ್ದೆ ಬಯಲಿನಲ್ಲಿ. ನವಿಲು ಹೆಚ್ಚಾಗಿ ಬಿತ್ತಿದ ಕಾಳು ಹೆಕ್ಕುತ್ತವೆ ಎಂಬ ದೂರು ನಿಜವೇ. ತಂಗಡಿ ಉಳಿಸಿದರೆ ಅದು ನಿಂತುಹೋಗುತ್ತದೆ ಎಂದು ನಾನು ಹೇಳಲಾರೆ. ಕಿತ್ತರೆ ನಿಲ್ಲುತ್ತದೆ ಎಂದು ಯಾರೂ ಹೇಳಲಾರರು.

ಕೀಳಬೇಕಾದ ಗಿಡಗಳು ಬೇಕಾದಷ್ಟಿವೆ. ಲಂಟಾನ 1800ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದದ್ದು, ಇಂದು ದೇಶದ ಕಾಡುಗಳ ಹೊಟ್ಟೆ ಸೇರಿದೆ. ಪಾರ್ಥೇನಿಯಂ ಇದೆ, ಬಳ್ಳಾರಿ ಜಾಲಿ ಇದೆ. ಕೂಲಿ ಕೊಟ್ಟು ಅವನ್ನು ಕೀಳಿಸಿದರೆ ನಾನೇ ಹೋಗಿ ಮಣ್ಣು ಹೊರುತ್ತೇನೆ. ಗಿಡ ನೋಡಿ ಕೀಳಬೇಕಾದರೆ ಗಿಡ ಗೊತ್ತಿರುವ ಆಳು ಬೇಕು, ಜೆಸಿಬಿಯ ಬಕೆಟ್‌ಗೆ ತಂಗಡಿಯೂ ಒಂದೇ ಲಂಟಾನವೂ ಒಂದೇ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿಗಳ ದಾಖಲೆ ಪುಸ್ತಕ ಬರೆಸಬೇಕು. ಯಾವುದು ಕಡಿಯಬೇಕು, ಯಾವುದು ಬಿಡಬೇಕು ಎಂದು ಕೇಳಲು ಬೇರೆ ಊರಿಗೆ ಹೋಗಬೇಕಿಲ್ಲ. ಆಡು ಕಾಯುವ ಆ ಹಿರಿಯರನ್ನು ಸಮಿತಿಗೆ ಸೇರಿಸಿಕೊಂಡರೆ ಸಾಕು.

‘ಹಾಗಾದರೆ ಮರವೇ ಬೇಡವೇ?’ ಎಂದು ಕೊನೆಗೆ ಕೇಳುತ್ತಾರೆ. ಬೇಕು, ಖಂಡಿತ ಬೇಕು. ಅದಕ್ಕೆಂದೇ ಹಳೇ ಮೈಸೂರಿನ ಊರುಗಳಲ್ಲಿ ಗುಂಡುತೋಪು ಇದ್ದವು: ಹುಣಸೆ, ಮಾವು, ಹಲಸು, ಹಿಪ್ಪೆ, ದಾರಿಹೋಕರಿಗೆ ನೆರಳು, ಸಂತೆ ಕೂರಲು ಜಾಗ. ಹಿರಿಯರು ಮರಕ್ಕೆ ತೋಪು ಬಿಟ್ಟರು, ದನಕ್ಕೆ ಗೋಮಾಳ ಬಿಟ್ಟರು, ಎರಡನ್ನೂ ಬೆರೆಸಲಿಲ್ಲ. ಆ ತೋಪುಗಳಲ್ಲಿ ಎಷ್ಟೋ ಇಂದು ಸೈಟುಗಳಾಗಿವೆ, ಕೆಲವು ಹೊಲಕ್ಕೆ ಸೇರಿಹೋಗಿವೆ. ಗಿಡ ನೆಡುವ ಹುಮ್ಮಸ್ಸು ಇರುವವರು ತಾಲ್ಲೂಕು ಕಚೇರಿಯಲ್ಲಿ ಗ್ರಾಮನಕ್ಷೆ ತೆಗೆಸಿ, ತೋಪಿನ ಸರ್ವೆ ನಂಬರ್ ಹುಡುಕಿ, ಹದ್ದುಬಸ್ತು ಮಾಡಿಸಿ, ಒತ್ತುವರಿ ಬಿಡಿಸಿ ಅಲ್ಲಿ ಹುಣಸೆ ನೆಡಲಿ. ಅದಕ್ಕೆ ಅರ್ಜಿ ಹಿಡಿದು ಅಲೆಯಬೇಕು, ಒತ್ತುವರಿ ಮಾಡಿದ ಪ್ರಭಾವಿಗಳ ಜೊತೆ ಊರ ನಡುವೆ ಜಗಳ ಕಾಯಬೇಕು. ಗುಡ್ಡದ ಮೇಲಿನ ತಂಗಡಿಯಾದರೆ ಕೇಳುವವರು ಯಾರೂ ಇಲ್ಲ.